ಐದು ಅಡಿ ಅರ್ಧ ಅಂಗುಲ

ಆರು ಜನ, ಒಂದು ಕೋಣೆ. ಕೋಣೆ ಹತ್ತಡಿಗೆ ಹದಿಮೂರಡಿ. ಅದರಲ್ಲಿ ಬಡಗಿ, ಅವನ ಹೆಂಡತಿ, ಅವನ ತಾಯಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಹೆಂಡತಿಯ ತಮ್ಮ ವಾಸವಾಗಿದ್ದರು. ಶೌಚಾಲಯ ಕಾರಿಡಾರಿನ ತುದಿಯಲ್ಲಿ, ಒಂಬತ್ತು ಮನೆಗಳಿಗೆ ಒಂದು. ನಲ್ಲಿ ಕೆಳಗೆ ಅಂಗಳದಲ್ಲಿ, ಇಡೀ ವಠಾರಕ್ಕೆ ಎರಡು. ವಸತಿ ಮಂಡಳಿಯವರು ಕಡಿಮೆ ಬಾಡಿಗೆಗೆ ಕೊಡುವ ಎರಡು ಕೋಣೆಗಳ ಮನೆಗೆಂದು ಬಡಗಿ ಅರ್ಜಿ ಹಾಕಿ ಆ ವರ್ಷಕ್ಕೆ ಹನ್ನೊಂದು ವರ್ಷ ತುಂಬಿತ್ತು.

ಮಂಡಳಿಯ ಲೆಕ್ಕ ಸರಳವಾದದ್ದು. ಒಂದು ಕೋಣೆಗೆ ಇಬ್ಬರು ಎಂಬುದು ಅದರ ನಿಯಮ. ಅದಕ್ಕಿಂತ ಹೆಚ್ಚಿನ ಪ್ರತಿ ತಲೆಗೆ ನಾಲ್ಕು ಅಂಕ. ಕಾದ ಪ್ರತಿ ವರ್ಷಕ್ಕೆ ಒಂದು. ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ ಮೂರು. ಶೌಚಾಲಯ ಹಂಚಿಕೊಂಡವರಿಗೆ ನಾಲ್ಕು, ನಲ್ಲಿ ಹಂಚಿಕೊಂಡವರಿಗೆ ಎರಡು. ಬಡಗಿ ಇದನ್ನು ಬಾಯಿಪಾಠ ಮಾಡಿಕೊಂಡಿದ್ದ. ಹದಿನಾರು, ಹನ್ನೊಂದು, ಮೂರು, ನಾಲ್ಕು, ಎರಡು, ಒಟ್ಟು ಮೂವತ್ತಾರು. ಎರಡು ಕೋಣೆಗಳ ಮನೆಗೆ ಮೂವತ್ತನಾಲ್ಕು ಸಾಕಾಗಿತ್ತು. ಹೀಗಾಗಿ ಆ ವರ್ಷ ಮನೆ ತಮ್ಮದೇ ಎಂದು ಅವನು ಯಾರಿಗೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಮಾಡುವ ಹೆಂಡತಿ, ಹೊಸ ಮನೆಯ ಯಾವ ಕೋಣೆಯಲ್ಲಿ ಯಾರು ಮಲಗಬೇಕೆಂಬುದನ್ನು ಆಗಲೇ ತೀರ್ಮಾನಿಸಿಯೂ ಆಗಿತ್ತು.

ಅವನು ಓದದೆ ಬಿಟ್ಟ ನಿಯಮ ಒಂದೇ ಒಂದು. ಅದು ಅಟ್ಟಕ್ಕೆ ಸಂಬಂಧಿಸಿದ್ದು.

ವಠಾರ ಹಳೆಯ ಕಾಲದ್ದಾದ್ದರಿಂದ ಮಾಳಿಗೆ ಎತ್ತರದಲ್ಲಿತ್ತು. ಆರು ವರ್ಷದ ಕೆಳಗೆ, ದೊಡ್ಡ ಮಗಳಿಗೆ ಹನ್ನೊಂದಾಗಿದ್ದಾಗ, ಬಡಗಿ ಆ ಎತ್ತರದಲ್ಲಿ ಒಂದು ಅಟ್ಟ ಕಟ್ಟಿದ. ಉದ್ದ ಹತ್ತಡಿ, ಅಗಲ ಆರೂಕಾಲು ಅಡಿ. ಒಂದು ತೊಲೆಯ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಮರದ ಗೂಟ ಹೊಡೆದು ಬಿಗಿಮಾಡಿದ್ದನೇ ಹೊರತು ಒಂದು ಮೊಳೆಯನ್ನೂ ಬಳಸಿರಲಿಲ್ಲ. ಕೆಳಗೆ ಹೆಂಡತಿ ತಲೆ ಬಗ್ಗಿಸದೆ ಓಡಾಡಬೇಕು, ಮೇಲೆ ಮಗಳು ನೆಟ್ಟಗೆ ನಿಲ್ಲಬೇಕು, ಇದು ಅವನ ಲೆಕ್ಕವಾಗಿತ್ತು. ಈಗ ಅವಳಿಗೆ ಹದಿನೇಳು. ನಿಂತರೆ ಕತ್ತು ಓರೆಯಾಗುತ್ತಿತ್ತು. ಆದರೂ ಅವಳೂ ಅವಳ ತಂಗಿಯೂ ಮಲಗುವುದು ಓದುವುದು ಎಲ್ಲ ಅಲ್ಲಿಯೇ.

ಮಂಡಳಿಯ ಅಳತೆಯ ಅಧಿಕಾರಿ ಬಂದದ್ದು ಒಂದು ಬೆಳಿಗ್ಗೆ. ಅಂದು ಅವರ ಪಾಲಿಗೆ ಆ ಬೀದಿಯ ಮೂರನೆಯ ಮನೆ ಅದು. ಕೋಣೆಯನ್ನು ಅಳೆದು ಬರೆದುಕೊಂಡವರು ಕತ್ತೆತ್ತಿ ನೋಡಿದರು.

"ಇದೇನು, ಅಟ್ಟಾನಾ?"

"ಹೌದು ಸಾರ್. ಹುಡುಗೀರಿಗೆ ಮಲಗೋಕೆ."

"ಒಂದೂ ಮೊಳೆ ಕಾಣಿಸ್ತಾ ಇಲ್ಲವಲ್ಲ?"

"ಹೊಡೆದಿದ್ರೆ ತಾನೇ ಸಾರ್ ಕಾಣಿಸೋದು."

ಅಧಿಕಾರಿ ನಕ್ಕರು. ಏಣಿ ಹತ್ತಿ, ಅಟ್ಟದ ಹಲಗೆಯ ಮೇಲೆ ಟೇಪಿನ ಡಬ್ಬಿಯನ್ನು ಕೂರಿಸಿ, ಪಟ್ಟಿಯನ್ನು ಮಾಳಿಗೆಗೆ ಮುಟ್ಟಿಸಿ, ಡಬ್ಬಿಯ ಬಾಯಿಯಲ್ಲಿ ಕಂಡ ಅಂಕಿಯನ್ನು ಗಟ್ಟಿಯಾಗಿ ಓದಿಕೊಂಡರು.

"ನಾಲ್ಕಡಿ ಒಂಬತ್ತೂವರೆ ಅಂಗುಲ."

"ಇಲ್ಲ ಸಾರ್," ಎಂದ ಬಡಗಿ ಕೆಳಗಿನಿಂದ. "ಡಬ್ಬಿ ಸೇರಿಸಲಿಲ್ಲ ನೀವು."

"ಏನು?"

"ಡಬ್ಬಿಯೇ ಮೂರು ಅಂಗುಲ ಇದೆ. ಅದರ ಬೆನ್ನು ಹಲಗೆ ಮೇಲಿದೆ, ನೀವು ಬಾಯಿ ಹತ್ತಿರ ಓದ್ತಾ ಇದೀರಿ. ಐದಡಿ ಅರ್ಧ ಅಂಗುಲ ಆಗುತ್ತೆ."

ಅಧಿಕಾರಿ ಏಣಿಯ ಮೇಲಿಂದಲೇ ಅವನತ್ತ ಬಾಗಿದರು.

"ಸೇರಿಸಬೇಕು ಅಂತೀರಾ?"

"ಸೇರಿಸಲೇಬೇಕಲ್ಲ ಸಾರ್."

"ಯೋಚನೆ ಮಾಡಿ ಹೇಳಿ."

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಸಾರ್? ಡಬ್ಬಿ ಮೇಲೇ ಬರೆದಿದಾರೆ ನೋಡಿ, ಮೂರು ಅಂಗುಲ ಅಂತ."

ಅಧಿಕಾರಿ ಏಣಿ ಇಳಿದರು. ಐದು ಅಡಿ ಅರ್ಧ ಅಂಗುಲ ಎಂದು ಬರೆದು ಹಾಳೆಯನ್ನು ಮುಂದೆ ಹಿಡಿದರು. ಬಡಗಿ ಸಹಿ ಮಾಡಿದ. ಇಪ್ಪತ್ತಾರು ವರ್ಷ ಮರ ಅಳೆದ ಕೈ ಅದು. ತಪ್ಪು ಅಳತೆ ಕಿವಿಗೆ ಬಿದ್ದರೆ ನಾಲಿಗೆ ತಾನಾಗಿಯೇ ಹೊರಳುತ್ತಿತ್ತು. ಅದನ್ನು ಪ್ರಾಮಾಣಿಕತೆ ಎಂದರೆ ಹೆಚ್ಚಾದೀತು. ಸೀನು ಬಂದರೆ ಸೀನುವಂತೆ, ಅಷ್ಟೆ.

ತಿಂಗಳ ಮೊದಲ ದಿನ ಮಂಡಳಿಯ ಗೋಡೆಗೆ ಪಟ್ಟಿ ಅಂಟಿಸಿದರು. ಅವನ ಹೆಸರಿನ ಮುಂದೆ ಇಪ್ಪತ್ತೆಂಟು ಎಂದಿತ್ತು.

ಅವನು ಮೂರು ಸಲ ಓದಿದ. ಅನಂತರ ಐದನೆಯ ಕೌಂಟರಿನ ಸಾಲಿನಲ್ಲಿ ನಿಂತ. ಕೌಂಟರಿನ ಗುಮಾಸ್ತೆ ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಹೆಂಗಸು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಮಾತು ಖರ್ಚು ಮಾಡುವವಳಲ್ಲ. ಕಡತ ತೆರೆದು ಬೆರಳಿಟ್ಟು ತೋರಿಸಿದಳು. ಅರವತ್ತು ಚದರಡಿಗೆ ಕಡಿಮೆಯಿಲ್ಲದ, ಐದು ಅಡಿಗೆ ಕಡಿಮೆಯಿಲ್ಲದ ಎತ್ತರದ ಯಾವ ಅಟ್ಟವಾದರೂ ಕೋಣೆಯೇ. ಅವನ ಅಟ್ಟ ಅರವತ್ತೆರಡೂವರೆ ಚದರಡಿ, ಎತ್ತರ ಐದು ಅಡಿ ಅರ್ಧ ಅಂಗುಲ. ಆದ್ದರಿಂದ ಅವನದು ಎರಡು ಕೋಣೆಯ ಮನೆ. ನಾಲ್ವರು ನಿಯಮದ ಒಳಗೆ ಬಂದರು, ಹೆಚ್ಚಿನವರು ಇಬ್ಬರೇ. ಎಂಟು ಅಂಕ ಹೋಯಿತು.

"ಅರ್ಧ ಅಂಗುಲಕ್ಕೆ ಎಂಟು ಅಂಕಾನಾ ಮೇಡಮ್?"

"ಅರ್ಧ ಅಂಗುಲಕ್ಕಲ್ಲ. ಕೋಣೆಗೆ."

ಅವನು ಅಲ್ಲಿಯೇ ನಿಂತಿದ್ದ. ಅವಳು ಕನ್ನಡಕ ತೆಗೆದಳು.

"ನೋಡಿ, ನಿಮಗೆ ಎರಡು ದಾರಿ ಇದೆ. ಅಟ್ಟ ಬಿಚ್ಚಿ, ಮರುಅಳತೆಗೆ ಅರ್ಜಿ ಕೊಡಿ. ಇಲ್ಲದ ಕೋಣೆಗೆ ನಾವು ಅಂಕ ಕಳೆಯೋಲ್ಲ. ಆದರೆ ಬಿಚ್ಚಿದ ಮರ ಮನೆಯೊಳಗೆ ಇರಬಾರದು, ಇದ್ರೆ ಮತ್ತೆ ಜೋಡಿಸ್ತೀರಿ ಅಂತ ಲೆಕ್ಕ. ಮತ್ತೆ ಅಳೆಯೋ ದಿನ ಆರೂ ಜನ ಅಲ್ಲೇ ವಾಸ ಇರಬೇಕು."

"ಇನ್ನೊಂದು ದಾರಿ?"

"ಒಂದೇ ಕೋಣೆ ಮನೆ. ಒಳಗೇ ಅಡುಗೆ ಜಾಗ, ಬಚ್ಚಲು. ಅದಕ್ಕೆ ಇಪ್ಪತ್ತೈದು ಅಂಕ ಸಾಕು, ಆದರೆ ನಾಲ್ಕು ತಲೆ ಮೀರೋ ಹಾಗಿಲ್ಲ. ಅದಕ್ಕೂ ಅಟ್ಟ ಹೋಗಲೇಬೇಕು. ಹೆಚ್ಚಿನ ಹೆಸರು ಹೊಡೆದು ಹಾಕ್ತೀವಿ. ಒಂದ್ಸಲ ಹೊಡೆದ ಹೆಸರು ಹತ್ತು ವರ್ಷ ಸೇರಿಸೋಲ್ಲ."

"ಯಾರನ್ನ ಹೊಡೆಯಲಿ ಮೇಡಮ್ ಅದರಲ್ಲಿ?" ಎಂದು ಬಡಗಿ ಮರುಅಳತೆಯ ಅರ್ಜಿಯನ್ನೇ ತೆಗೆದುಕೊಂಡ.

ಹೆಬ್ಬೆರಳಿಗೆ ಸುತ್ತಿಗೆಯ ಏಟು ಬಿದ್ದಾಗ, ಏಟಿಗೂ ನೋವಿಗೂ ನಡುವೆ ಒಂದು ಚಿಕ್ಕ ಬಿಡುವಿರುತ್ತದೆ. ಏಟು ಬಿದ್ದದ್ದು ಗೊತ್ತಾಗಿರುತ್ತದೆ, ನೋವು ಇನ್ನೂ ಬಂದಿರುವುದಿಲ್ಲ. ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಬಡಗಿ ಆ ಬಿಡುವಿನಲ್ಲಿಯೇ ಇದ್ದ. ನೋವಿಗಾಗಿ ಕಾದ. ಅದು ಬರಲಿಲ್ಲ. ಮರುದಿನವೂ ಬರಲಿಲ್ಲ.

ಬಂದದ್ದು ಹೆಂಡತಿಯ ಮಾತು. ಅವಳು ಕೂಗಾಡಲಿಲ್ಲ. ಟೇಪಿನ ಡಬ್ಬಿಯ ಕಥೆಯನ್ನು ಅವನ ಬಾಯಿಂದಲೇ ಎರಡು ಸಲ ಹೇಳಿಸಿದಳು. ಆಮೇಲೆ ಕೇಳಿದಳು.

"ಅವರು ಯೋಚನೆ ಮಾಡಿ ಹೇಳಿ ಅಂದ್ರಾ?"

"ಅಂದ್ರು."

"ಆ ಮೂರು ಅಂಗುಲ ನುಂಗಿಕೊಂಡಿದ್ರೆ ನಿಮ್ಮ ಗಂಟಲಿಗೆ ಸಿಕ್ಕಿಹಾಕ್ಕೊಳ್ತಿತ್ತೇನ್ರೀ?"

ಬಸ್ ಕಂಡಕ್ಟರನಾಗಿದ್ದ ಅವಳ ತಮ್ಮ, ಬಾಗಿಲಲ್ಲಿ ಕೂತು ಬೂಟು ಕಳಚುತ್ತಿದ್ದವನು, ಕತ್ತೆತ್ತಿ ಹೇಳಿದ.

"ಬಿಡಕ್ಕ. ಭಾವ ಹೋಗಿ ಹೋಗಿ ಅಧಿಕಾರಿಗೇ ಪಾಠ ಹೇಳಿ ಬಂದಿದಾರೆ. ಅಷ್ಟು ದೊಡ್ಡ ಮನುಷ್ಯರಿಗೆ ಎರಡು ಕೋಣೆ ಮನೆ ಸಾಲುತ್ತಾ?"

"ನೀನು ಬಾಯಿ ಮುಚ್ಚು," ಎಂದಳು ಅಕ್ಕ. ಆದರೆ ಅವಳ ತುಟಿಯ ಕೊನೆ ಒಂದಿಷ್ಟು ಸಡಿಲಾದದ್ದನ್ನು ಮೂಲೆಯ ಮಂಚದಿಂದ ಬಡಗಿಯ ಮುದುಕಿ ತಾಯಿ ಕಂಡಳು.

ಅಟ್ಟವನ್ನು ಬಡಗಿ ಒಂದು ಭಾನುವಾರ ಬಿಚ್ಚಿದ. ಕಟ್ಟುವುದಕ್ಕೆ ಇಪ್ಪತ್ತೆರಡು ದಿನ ಹಿಡಿದಿತ್ತು. ಬಿಚ್ಚುವುದಕ್ಕೆ ನಾಲ್ಕು ಗಂಟೆ. ಗೂಟಗಳನ್ನು ಹಿಂದಿನಿಂದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಒಂದೊಂದಾಗಿ ಹೊರಬಂದವು. ಒಂದೂ ಮುರಿಯಲಿಲ್ಲ. ಕೆಳಗೆ ನಿಂತ ದೊಡ್ಡ ಮಗಳು ಹಲಗೆಗಳನ್ನು ಕೈನೀಡಿ ಇಳಿಸಿಕೊಂಡಳು. ಚಿಕ್ಕವಳು ಮಾತ್ರ, "ನನ್ನ ಕಿಟಕಿ ಹೋಯ್ತು," ಎಂದು ಒಮ್ಮೆ ಅತ್ತಳು. ಅಟ್ಟದ ಮೇಲಿಂದ ಮಾತ್ರ ಕೈಗೆಟಕುತ್ತಿದ್ದ ಒಂದು ಗವಾಕ್ಷಿಯನ್ನು ಅವಳು ತನ್ನದೆಂದು ಹೇಳಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಮರವೆಲ್ಲ ಕೈಗಾಡಿಯಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಗೆ ಹೋಯಿತು. ಅಲ್ಲಿನ ಯಜಮಾನ ಅದನ್ನು ಮುಟ್ಟಿ ನೋಡಿ, "ಚೆನ್ನಾಗಿ ಒಣಗಿದೆ," ಎಂದ. ಆ ವಾರವೇ ಅದು ಒಂದು ಔಷಧಿ ಅಂಗಡಿಯ ಕಪಾಟಾಯಿತು. ಕಪಾಟು ಮಾಡಿದವನೂ ಬಡಗಿಯೇ. ಹಲಗೆ ಕೊಯ್ಯುವಾಗ ತನಗೆ ಏನಾದರೂ ಅನ್ನಿಸೀತೆಂದು ಅವನು ನಿರೀಕ್ಷಿಸಿದ್ದ. ಗರಗಸ ಎಂದಿನಂತೆ ಓಡಿತು.

ಅಂದಿನಿಂದ ಆರು ಜನರೂ ಕೆಳಗೇ ಆದರು. ಮಂಚ ಮುದುಕಿಗೆ. ಅದರ ಪಕ್ಕಕ್ಕೆ ಚಿಕ್ಕವಳು, ಅನಂತರ ದೊಡ್ಡವಳು, ಅವಳ ತಾಯಿ, ಬಡಗಿ. ಬಾಗಿಲ ಬಳಿ ಅಡ್ಡಲಾಗಿ ಕಂಡಕ್ಟರ್. ಅವನು ನಸುಕಿನಲ್ಲೇ ಡಿಪೋಗೆ ಹೊರಡಬೇಕಿತ್ತು. ಅವನು ಎದ್ದರೆ ಎಲ್ಲರೂ ಎದ್ದಂತೆ.

"ಒಳಗೆ ನಡೀರಿ, ಒಳಗೆ ನಡೀರಿ, ಮಧ್ಯೆ ಬೇಕಾದಷ್ಟು ಜಾಗ ಇದೆ," ಎಂದು ಅವನು ಹಾಸಿಗೆ ಹಾಸುವಾಗ ದಿನವೂ ಕೂಗುವನು. "ಅತ್ತೆ, ನೀವು ಹಿರಿಯರ ಸೀಟು, ಏಳಬೇಡಿ."

"ಟಿಕೆಟ್ ಕೊಡಪ್ಪ ಮೊದಲು," ಎನ್ನುವಳು ಮುದುಕಿ.

ಓದಲು ಜಾಗವಿಲ್ಲದೆ ದೊಡ್ಡವಳು ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂರತೊಡಗಿದಳು. ನೀರಿನ ಕೊಡ ಹೊತ್ತು ಹತ್ತುವವರು ಇಳಿಯುವವರಿಗೆಲ್ಲ ಮೊಣಕಾಲು ಮಡಿಸಿ ದಾರಿ ಬಿಡುವಳು. ಒಂದು ದಿನ ಅವಳ ತಾಯಿ ಎಣಿಸಿದಳು. ಒಂದು ಗಂಟೆಯಲ್ಲಿ ನಲವತ್ತೊಂದು ಸಲ. ಎಣಿಸಿದಳೇ ಹೊರತು ಯಾರಿಗೂ ಹೇಳಲಿಲ್ಲ. ಬಡಗಿಗೆ ಅದು ಗೊತ್ತಾದದ್ದು ಬಹಳ ದಿನಗಳ ಮೇಲೆ.

ಹಾಗೆ ಓದಿದ ಓದಿಗೇ ಫಲ ಬಂತು. ಅಟ್ಟ ಬಿಚ್ಚಿದ ಆರನೆಯ ವಾರ ಒಂದು ಲಕೋಟೆ ಬಂತು. ಆಸ್ಪತ್ರೆಯ ದಾದಿಯರ ತರಬೇತಿ ಶಾಲೆಯಲ್ಲಿ ದೊಡ್ಡವಳಿಗೆ ಸ್ಥಾನ ಸಿಕ್ಕಿತ್ತು. ಮೂರು ವರ್ಷದ ತರಬೇತಿ. ಊಟ, ವಾಸ ಎಲ್ಲ ಅಲ್ಲಿಯೇ. ಮುಗಿಸಿದವರಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ. ಒಂಬತ್ತು ದಿನದೊಳಗೆ ಬಂದು ಸೇರಬೇಕು. ಸೇರುವಾಗ ವಾಸದ ಚೀಟಿ ತರಬೇಕು.

ವಾಸದ ಚೀಟಿ ಎಂದರೆ ಹೆಸರು ಒಂದು ಮನೆಯ ಕಡತದಿಂದ ಹೊರಟು ಇನ್ನೊಂದು ಕಡತ ಸೇರುವುದು. ಅದನ್ನು ಕೊಡುವವರು ವಸತಿ ಮಂಡಳಿಯವರೇ.

ಬಡಗಿ ಮೊದಲು ಮಂಡಳಿಗೆ ಹೋದ. ಮರುಅಳತೆಯ ಸರದಿಯಲ್ಲಿ ಅವನ ಸಂಖ್ಯೆ ಇನ್ನೂರ ಹನ್ನೆರಡು. ಅಂದಿಗೆ ನೂರ ನಲವತ್ತು ಮನೆಗಳು ಮುಗಿದಿದ್ದವು. ದಿನಕ್ಕೆ ಆರು ಮನೆ. ಉಳಿದವು ಎಪ್ಪತ್ತೆರಡು, ಹನ್ನೆರಡು ದಿನದ ಕೆಲಸ. ನಡುವೆ ಎರಡು ಭಾನುವಾರ ಬರುತ್ತವಾದ್ದರಿಂದ ಹದಿನಾಲ್ಕು ದಿನ. ಶಾಲೆಯವರು ಕೊಟ್ಟದ್ದು ಒಂಬತ್ತು. ಕೊರತೆ ಐದು ದಿನ.

"ಸರದಿ ಮುಂದಕ್ಕೆ ತರೋಕಾಗಲ್ವಾ ಮೇಡಮ್?"

"ನಿಮ್ಮ ಮುಂದಿರೋರಿಗೆ ಕೇಳಿ. ಅವರು ಬಿಟ್ಟರೆ ನನಗೇನೂ ಅಭ್ಯಂತರ ಇಲ್ಲ."

ಅವನು ಆಮೇಲೆ ಶಾಲೆಗೂ ಹೋಗಿ ಐದು ದಿನ ಕೇಳಿದ. ಅಲ್ಲಿನ ಮುಖ್ಯಸ್ಥೆ ಅವನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಹತ್ತನೆಯ ದಿನ ಆ ಸ್ಥಾನ ಪಟ್ಟಿಯ ಮುಂದಿನ ಹುಡುಗಿಗೆ ಹೋಗುತ್ತದೆ ಎಂದರು.

ಅಂದು ಸಂಜೆ ಆರು ಜನರೂ ಕೂತು ಮಾತಾಡಿದರು. ಮಾತಾಡಿದವಳು ಹೆಚ್ಚಾಗಿ ಹೆಂಡತಿ.

"ಐದು ದಿನ. ಬರೀ ಐದು ದಿನದ ಕಥೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದ್ರಾಯ್ತು. ಓದೋ ಹುಡುಗಿಗೆ ಒಂದು ವರ್ಷ ಏನು ಮಹಾ? ಅವಳು ಹೋದ್ರೆ ನಾಲ್ಕು ಅಂಕ ಹೋಗುತ್ತೆ. ಮೂವತ್ತೆರಡು. ಬೇಕಿರೋದು ಮೂವತ್ನಾಲ್ಕು. ಮುಂದಿನ ವರ್ಷ ಮೂವತ್ಮೂರು. ಆ ಹೊತ್ತಿಗೆ ಅವರು ಎಷ್ಟು ಕೇಳ್ತಾರೋ."

"ಅಳೆಯೋ ದಿನ ಅವಳ ಬದಲು ನಾನು ಜಡೆ ಹಾಕ್ಕೊಂಡು ಕೂರ್ತೀನಿ," ಎಂದ ಕಂಡಕ್ಟರ್.

"ನಿನ್ನ ಮೀಸೆ?"

"ದಾದಿಯರಿಗೆ ಮಾಸ್ಕ್ ಇರುತ್ತಲ್ಲಕ್ಕ."

ಚಿಕ್ಕವಳು ನಕ್ಕಳು. ಬೇರೆ ಯಾರೂ ನಗಲಿಲ್ಲ. ದೊಡ್ಡವಳು ಚಾಪೆಯ ಒಂದು ಎಳೆಯನ್ನು ಉಗುರಿನಿಂದ ಮೇಲೆತ್ತಿ, ಮತ್ತೆ ಒತ್ತಿ ಕೂರಿಸುತ್ತಿದ್ದಳು.

"ನಾನು ಹೋಗಲ್ಲ," ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ತ್ಯಾಗವೂ ಇರಲಿಲ್ಲ. ಹೊತ್ತಾಯಿತು, ದೀಪ ಹಚ್ಚುತ್ತೇನೆ ಎಂದ ಹಾಗಿತ್ತು.

ಮುದುಕಿ ಮಂಚದಿಂದ ಬಾಗಿ ಮಗನ ಮುಖ ನೋಡಿದಳು. "ನೀನೇನಂತೀಯೋ?"

"ನೋಡೋಣಮ್ಮ," ಎಂದ ಬಡಗಿ.

ಅವನು ಎಂಟು ದಿನ ನೋಡಿದ. ಕಾರ್ಖಾನೆಯಲ್ಲಿ ಆ ವಾರ ಯಾವುದೋ ಛತ್ರದ ಬಾಗಿಲುಗಳ ಕೆಲಸ. ಎಲ್ಲವೂ ಒಂದೇ ಅಳತೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ತಲೆ ತನ್ನ ಪಾಡಿಗೆ ತಾನು ಲೆಕ್ಕ ಹಾಕುತ್ತಿತ್ತು. ಮನೆ ಸಿಕ್ಕರೆ ಐದು ಜನಕ್ಕೆ, ಆರು ಜನಕ್ಕೆ, ಮುದುಕಿ ಇರುವಷ್ಟು ಕಾಲ, ಚಿಕ್ಕವಳು ಬೆಳೆಯುವಷ್ಟು ಕಾಲ. ಶಾಲೆ ಸಿಕ್ಕರೆ ಒಬ್ಬಳಿಗೆ. ಆರರಲ್ಲಿ ಒಂದು. ಎಷ್ಟು ಸಲ ಹಾಕಿದರೂ ಲೆಕ್ಕ ಮನೆಯ ಕಡೆಗೇ ವಾಲುತ್ತಿತ್ತು. ಎಂಟನೆಯ ದಿನ ಮಧ್ಯಾಹ್ನ, ಚೌಕಟ್ಟಿಗೆ ಉಳಿ ಹಿಡಿದಿದ್ದಾಗ, ತಪ್ಪೆಲ್ಲಿದೆ ಎಂಬುದು ಅವನಿಗೆ ಕಂಡಿತು. ಅಡಿಯಿಂದ ಅಡಿಯನ್ನು ಕಳೆಯಬಹುದು, ಸೇರಿನಿಂದ ಸೇರನ್ನು ಕಳೆಯಬಹುದು. ಅಡಿಯಿಂದ ಸೇರನ್ನು ಕಳೆಯಲು ಬರುವುದಿಲ್ಲ. ಎಂಟು ದಿನದಿಂದ ಅವನು ಮಾಡುತ್ತಿದ್ದುದು ಲೆಕ್ಕವೇ ಆಗಿರಲಿಲ್ಲ. ಅಷ್ಟು ತಿಳಿದ ಮೇಲೆ ಉಳಿದದ್ದನ್ನು ಅವನು ಯೋಚಿಸಲಿಲ್ಲ. ಉಳಿ ಕೆಳಗಿಟ್ಟು ಯಜಮಾನನಿಂದ ಮರುದಿನದ ರಜೆ ಕೇಳಿದ. ಅಂದು ಸಂಜೆಯೇ ಐದನೆಯ ಕೌಂಟರಿನಲ್ಲಿ ವಾಸದ ಚೀಟಿ ಬರೆಸಿಕೊಂಡ.

ಒಂಬತ್ತನೆಯ ದಿನ ಬೆಳಿಗ್ಗೆ, ಹೆಂಡತಿ ಒಲೆಯ ಮುಂದಿದ್ದಾಗ, ದೊಡ್ಡವಳಿಗೆ ಹೇಳಿದ.

"ಬಟ್ಟೆ ತುಂಬಿಕೋ."

ಹೆಂಡತಿ ಮುಖ ತಿರುಗಿಸದೆಯೇ ನಿಂತಿದ್ದಳು. ಏನಾದರೂ ಅಂದಾಳು ಎಂದು ಅವನು ಕಾದ. ಅವಳು ಒಲೆ ಆರಿಸಿ, ಹಗ್ಗದ ಮೇಲಿದ್ದ ಒಣಗಿದ ಟವಲನ್ನು ಎಳೆದು, ನಾಲ್ಕು ಮಡಿಕೆ ಮಡಿಸಿ, ಅಂಗೈಯಿಂದ ಇಸ್ತ್ರಿ ಮಾಡಿದಂತೆ ಒತ್ತಿ, ಮಗಳ ಚೀಲದೊಳಗೆ ಇಟ್ಟಳು.

"ಸೋಪು ಬಾಕ್ಸಲ್ಲಿ ಹಾಕ್ಕೋ. ಹಾಗೇ ಇಟ್ಟರೆ ಪುಸ್ತಕಕ್ಕೆಲ್ಲ ಹತ್ತುತ್ತೆ," ಎಂದಳು. ಅಷ್ಟೇ ಅಂದದ್ದು.

ತಂದೆ ಮಗಳು ಬಸ್ಸಿನಲ್ಲಿ ಹೋದರು. ಶಾಲೆಯ ಗೇಟಿನ ಮುಂದೆ ಅವಳು ನಿಂತಳು.

"ಅಪ್ಪಾ, ಮೂವತ್ತೆರಡೇ ಆಗುತ್ತೆ."

"ಗೊತ್ತು."

"ಮನೆ?"

"ಮನೆ ಇದೆಯಲ್ಲ. ನಾವೇನು ಬೀದೀಲಿ ಇದೀವಾ?"

"ಅಮ್ಮ ನಿನ್ನ ಬೈತಾಳೆ."

"ಬೈದ್ರೆ ಬೈಸ್ಕೋತೀನಿ. ನಿಂಗೇನು ಅದು? ಒಳಗೆ ನಡಿ, ಹೊತ್ತಾಯ್ತು."

ಅವಳು ಹೋದಳು. ಕತ್ತು ಒಂದಿಷ್ಟು ಓರೆ ಮಾಡಿಕೊಂಡೇ ನಡೆದಳು. ಆ ಕಟ್ಟಡದ ಬಾಗಿಲು ಎಂಟಡಿ ಎತ್ತರವಿತ್ತು. ಬಡಗಿ ಅದನ್ನು ಗಮನಿಸಿದ. ತನ್ನೊಳಗೆ ಏನೋ ಆಗಬೇಕಾಗಿತ್ತು ಎಂದೂ ಅವನಿಗೆ ಗೊತ್ತಾಯಿತು. ಆಗಲಿಲ್ಲ. ಎದುರಿನ ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿದು ಮನೆಗೆ ಬಂದ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಮನೆಗೆ ಒಂದು ಸದ್ದಾದರೂ ಇರುತ್ತಿತ್ತು. ಮೂರು ದಿನ ಅವಳು ಲಾಂಡ್ರಿಯಿಂದ ಬಂದು ಅಡುಗೆ ಮಾಡಿ ಬಡಿಸಿ ಮಲಗಿದಳು. ಮೊದಲ ರಾತ್ರಿಯೇ, ನೆಲದ ಮೇಲೆ ಒಬ್ಬಳಷ್ಟು ಅಗಲದ ಜಾಗ ಖಾಲಿ ಬಿದ್ದರೂ ಯಾರೂ ಅದರತ್ತ ಸರಿಯಲಿಲ್ಲ. ನಾಲ್ಕನೆಯ ದಿನ, ಬೆಳಗಿನ ಪಾಳಿ ಮುಗಿಸಿ ಬಂದ ಕಂಡಕ್ಟರ್ ತಾನೇ ಮಾತು ತೆಗೆದ.

"ಭಾವ, ಒಂದು ಕೋಣೆ ಮನೆಗೆ ಎಷ್ಟು ತಲೆ ಅಂದ್ರಿ?"

"ನಾಲ್ಕು."

"ಈಗ ನಾವೆಷ್ಟು?"

"ಐದು."

"ಹಾಗಾದ್ರೆ ನಾನು ಇಳ್ಕೋತೀನಿ. ಡಿಪೋದಲ್ಲಿ ಮಲಗೋಕೆ ಜಾಗ ಇದೆ. ತಿಗಣೆ ಇದೆ, ಆದರೆ ಅವು ಅಂಕ ಕೇಳಲ್ಲ."

"ಹುಚ್ಚುಚ್ಚಾಗಿ ಮಾತಾಡಬೇಡ," ಎಂದಳು ಅಕ್ಕ. ಮೂರು ದಿನದಲ್ಲಿ ಅದೇ ಅವಳ ಮೊದಲ ಉದ್ದದ ಮಾತು. "ನಿನ್ನನ್ನ ಹೊರಗೆ ಹಾಕಿ ನಾವು ಮನೆ ಮಾಡ್ಬೇಕಾ?"

"ಎರಡು ಕೋಣೆ ಮನೆ ಇನ್ನು ಸಿಗಲ್ಲಕ್ಕ. ಅದು ಮುಗೀತು. ಅತ್ತೆ ಈ ವಯಸ್ಸಲ್ಲಿ ಕೊಡ ಹಿಡ್ಕೊಂಡು ಮೂರು ಮಹಡಿ ಇಳೀಬೇಕಾ ಬಚ್ಚಲ ನೀರಿಗೆ? ಭಾವ, ನೀವು ಹೇಳಿ. ನಾಲ್ಕು ಜನಕ್ಕೆ ಎಷ್ಟು ಅಂಕ ಬರುತ್ತೆ?"

ಬಡಗಿ ಆಗಲೇ ಲೆಕ್ಕ ಹಾಕಿದ್ದ. "ಇಪ್ಪತ್ತೆಂಟು."

"ಬೇಕಿರೋದು?"

"ಇಪ್ಪತ್ತೈದು."

"ನೋಡಿದ್ರಾ. ಮೂರು ಮಿಕ್ತು."

ಮುದುಕಿ ಮಂಚದ ಮೇಲೆ ಆ ಕಡೆಗೆ ಹೊರಳಿದಳು. "ನನ್ನ ಹೆಸರು ಹೊಡೆದರೆ ಆಗಲ್ವೇನೋ?" ಎಂದು ಗೋಡೆಗೆ ಹೇಳಿದಳು.

"ನಿಮ್ಮದು ಹೊಡೆದರೆ ಏಳು ಅಂಕ ಹೋಗುತ್ತೆ ಅತ್ತೆ," ಎಂದ ಕಂಡಕ್ಟರ್. "ಈ ಮನೇಲಿ ಬೆಲೆ ಇರೋ ಸಾಮಾನು ಅಂದ್ರೆ ನೀವೊಬ್ಬರೇ."

ಮುದುಕಿಯ ಬೆನ್ನು ಸ್ವಲ್ಪ ಅಲುಗಿತು. ನಕ್ಕಳೋ, ಅತ್ತಳೋ, ಯಾರೂ ಕೇಳಲಿಲ್ಲ.

ಮರುದಿನ ಬಡಗಿಯೂ ಕಂಡಕ್ಟರನೂ ಐದನೆಯ ಕೌಂಟರಿಗೆ ಹೋದರು. ಸಾಲಿನಲ್ಲಿ ಹತ್ತೊಂಬತ್ತು ಜನರ ಹಿಂದೆ ನಿಂತರು. ಅರ್ಜಿ ಬದಲಾಯಿಸುತ್ತೇವೆಂದು ಗುಮಾಸ್ತೆಗೆ ಹೇಳಿದರು. ಹಳೆಯ ಕಡತ ತೆಗೆದು, ಹನ್ನೊಂದು ವರ್ಷದ ಹಿಂದೆ ಬಡಗಿ ತಾನೇ ಅಚ್ಚುಕಟ್ಟಾಗಿ ಬರೆದಿದ್ದ ಹೆಸರುಗಳ ಹಾಳೆಯನ್ನು ಹುಡುಕಿದಳು. ಅದು ಹಳದಿಯಾಗಿತ್ತು. ಕೆಂಪು ಪೆನ್ನು ತೆಗೆದಳು.

"ಇವರು?"

"ನಾನೇ ಅದು," ಎಂದ ಕಂಡಕ್ಟರ್. "ಜೀವಂತ ಇದೀನಿ, ಮೆಲ್ಲಗೆ ಹೊಡೀರಿ ಮೇಡಮ್."

ಅವಳು ಅಳತೆಪಟ್ಟಿ ಇಟ್ಟು ಅವನ ಸಾಲಿನ ಮೇಲೆ ಗೆರೆ ಎಳೆದಳು. ಅವನು ಪಕ್ಕದಲ್ಲಿ ಸಹಿ ಮಾಡಿದ. ಪಾಳಿಗೆ ಹೊತ್ತಾಯಿತೆಂದು ಬಡಗಿಯ ಭುಜವನ್ನು ಒಮ್ಮೆ ಒತ್ತಿ ಹೊರಟುಹೋದ.

"ಇನ್ನೊಂದು ಹೆಸರು? ಮೊದಲನೇ ಮಗಳು ತಾನೇ? ವಾಸದ ಚೀಟಿ ಆಗಿದೆ, ಈ ಹಾಳೇಲಿ ಇನ್ನೂ ಹೊಡೆದಿಲ್ಲ. ಹದಿನೆಂಟು ಆಗಿಲ್ಲ, ನೀವೇ ಸಹಿ ಹಾಕಬೇಕು. ಕಾರಣ ಹೇಳಿ." ಅವಳು ಅಚ್ಚಾಗಿದ್ದುದನ್ನು ಓದಿದಳು. "ಮರಣ, ಮದುವೆ, ಬೇರೆ ವಾಸ. ಯಾವುದು?"

"ಮೂರನೇದು."

ಅವಳು ಗುರುತು ಹಾಕಿ ಗೆರೆ ಎಳೆದಳು. ಗೆರೆ ನೇರವಾಗಿತ್ತು. ಬಡಗಿ ಸಹಿ ಮಾಡಿದ. ಅನಂತರ ಉಳಿದ ನಾಲ್ಕು ಹೆಸರುಗಳಿಗೆ ಅವಳು ಹೊಸದಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಸಂಖ್ಯೆ ಕೊಟ್ಟಳು. ಮರುಅಳತೆಯವರು ಬಂದು ಅಟ್ಟವಿಲ್ಲವೆಂದು ಬರೆದುಕೊಂಡರೆ ಸಾಕು, ಮನೆ ಖಾಲಿ ಇತ್ತು. ಒಂಬತ್ತನೆಯ ಬ್ಲಾಕು, ಎರಡನೆಯ ಮಹಡಿ. ಮುಂದಿನ ತಿಂಗಳ ಐದನೆಯ ತಾರೀಕು ಬೀಗದಕೈ.

ಅವನು ರಸೀದಿ ತೆಗೆದುಕೊಂಡನಾದರೂ ಕಿಟಕಿ ಬಿಟ್ಟು ಸರಿಯಲಿಲ್ಲ.

"ಇನ್ನೇನು?"

"ಹುಡುಗಿಗೆ ಭಾನುವಾರ ರಜಾ ಇರುತ್ತೆ ಮೇಡಮ್. ಮನೆಗೆ ಬಂದು ಒಂದು ರಾತ್ರಿ ಇದ್ದು ಹೋದ್ರೆ?"

"ಬರಬಹುದು. ಅತಿಥಿ ಅಂತ ಕೆಳಗೆ ಪುಸ್ತಕದಲ್ಲಿ ಬರೀಬೇಕು. ಅತಿಥಿಗೆ ತಿಂಗಳಿಗೆ ನಾಲ್ಕು ರಾತ್ರಿ."

ಅವನು ತಲೆಯಾಡಿಸಿ ಪಕ್ಕಕ್ಕೆ ಸರಿದ. ಮೆಟ್ಟಿಲಿಳಿಯುವವನು ಅರ್ಧಕ್ಕೆ ನಿಂತ. ತಿಂಗಳಿಗೆ ನಾಲ್ಕರಂತೆ ವರ್ಷಕ್ಕೆ ನಲವತ್ತೆಂಟು. ವರ್ಷಕ್ಕೆ ಭಾನುವಾರಗಳು ಐವತ್ತೆರಡು. ನಾಲ್ಕು ತಿಂಗಳಲ್ಲಿ ಐದೈದು ಬೀಳುತ್ತವೆ. ಆ ನಾಲ್ಕು ಭಾನುವಾರ ಅವಳು ಮನೆಯಲ್ಲಿ ಮಲಗುವಂತಿಲ್ಲ.

ಕಾರ್ಖಾನೆಗೆ ಆಗಲೇ ಹೊತ್ತಾಗಿತ್ತು. ಆದರೂ ಅವನು ಮತ್ತೆ ಮೆಟ್ಟಿಲು ಹತ್ತಿ ಒಳಗೆ ಬಂದ. ಮಂಡಳಿಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಮುಂದೆ ನಿಂತು, ಆ ಐದನೆಯ ಭಾನುವಾರಗಳಲ್ಲಿ ಮೊದಲನೆಯದು ಯಾವ ತಿಂಗಳಲ್ಲಿದೆ ಎಂದು ಒಂದೊಂದೇ ಹಾಳೆ ಎತ್ತಿ ನೋಡತೊಡಗಿದ.